ಕಿಟಕಿ ಶುಚಿಗೊಳಿಸುವ ವಾಹನಕ್ಕೆ ನೀರಿನ ಟ್ಯಾಂಕಿನ ಆಯ್ಕೆ

ವಾಣಿಜ್ಯ ಕಟ್ಟಡಗಳ ಮುಂಭಾಗಕ್ಕೆ ಗಾಜು ಅಳವಡಿಸುವ ಪದ್ಧತಿಯು ಈಗ ಬೆಂಗಳೂರಿಗಷ್ಟೇ ಸೀಮಿತವಾಗಿಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿಯೂ ವಾಹನ ಮಾರಾಟ ಮಳಿಗೆಗಳು, ಬ್ಯಾಂಕುಗಳು, ಆಸ್ಪತ್ರೆಗಳು ಗಾಜಿನ ಮುಖದೊಂದಿಗೆ ನಿಂತಿವೆ. ಈ ಗಾಜನ್ನು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ತೊಳೆದುಕೊಡುವ ವಾರ್ಷಿಕ ಗುತ್ತಿಗೆಯು ಸಣ್ಣ ಬಂಡವಾಳದವರಿಗೆ ಒಪ್ಪುವ ಉದ್ಯೋಗವಾಗಿದೆ. ಕಾರ್ಖಾನೆಗಳ ಮೇಲ್ಛಾವಣಿಯ ಸೌರ ಫಲಕಗಳನ್ನು ತೊಳೆಯುವ ಕೆಲಸವೂ ಇದೇ ಸಲಕರಣೆಗಳಿಂದ ಸಾಧ್ಯವಾಗುವುದರಿಂದ ಇದರತ್ತ ಒಲವು ಹೆಚ್ಚುತ್ತಿದೆ.

ಬ್ಯಾಂಕ್ ಸಾಲಕ್ಕಾಗಿ ಯೋಜನಾ ವರದಿ ಮಾಡಿಸಲು ಬರುವವರ ಕಾಗದಗಳಲ್ಲಿ ನಾನು ಗಮನಿಸಿರುವ ಸಂಗತಿಯೊಂದಿದೆ. ವಾಹನಕ್ಕೆ ಮೂರು ಕೊಟೇಷನ್ ಇರುತ್ತವೆ, ತೊಳೆಯುವ ಕೋಲಿಗೆ ಎರಡು, ಪಂಪಿಗೆ ಒಂದು. ನೀರಿನ ಟ್ಯಾಂಕಿಗೆ ಮಾತ್ರ 'ಇತರೆ' ಎಂಬ ಶೀರ್ಷಿಕೆಯಡಿ ಒಂದು ಅಂದಾಜು ಮೊತ್ತ. ಟ್ಯಾಂಕೆಂದರೆ ಮನೆಯ ಮೇಲಿರುವಂಥದ್ದೇ ಅಲ್ಲವೇ, ಬೇಕಾದಾಗ ಅಂಗಡಿಯಿಂದ ತಂದರಾಯಿತು ಎಂಬ ಭಾವನೆ ಇದಕ್ಕೆ ಕಾರಣ. ವಾಸ್ತವದಲ್ಲಿ ಯಾವ ವಾಹನ ಕೊಳ್ಳಬೇಕು, ದಿನಕ್ಕೆ ಎಷ್ಟು ಕೆಲಸ ಒಪ್ಪಿಕೊಳ್ಳಬೇಕು, ಅಪಘಾತವಾದರೆ ವಿಮೆ ಬರುವುದೋ ಇಲ್ಲವೋ ಎಂಬ ಮೂರೂ ವಿಷಯಗಳು ಈ ಟ್ಯಾಂಕನ್ನು ಅವಲಂಬಿಸಿವೆ. ಆದ್ದರಿಂದ ಟ್ಯಾಂಕನ್ನು ಮೊದಲು ನಿರ್ಧರಿಸಿ ವಾಹನವನ್ನು ಅನಂತರ ಕೊಳ್ಳುವುದು ಉಚಿತ.

ನೀರನ್ನು ಹೊತ್ತೊಯ್ಯುವುದೇಕೆ?

ಗ್ರಾಹಕರ ಕಟ್ಟಡದಲ್ಲಿ ನಲ್ಲಿ ಇರುವಾಗ ನೀರನ್ನು ನಾವೇಕೆ ಸಾಗಿಸಬೇಕೆಂಬ ಪ್ರಶ್ನೆ ಸಹಜ. ಹೊಸ ವಿಧಾನದಲ್ಲಿ ಕೆಲಸಗಾರನು ನೆಲದ ಮೇಲೆಯೇ ನಿಂತು, ಹಗುರವಾದ ಉದ್ದನೆಯ ಕೋಲಿನ ತುದಿಯ ಬ್ರಷ್ಷಿನಿಂದ ಗಾಜನ್ನು ಉಜ್ಜುತ್ತಾನೆ. ಕೋಲಿನೊಳಗಿನ ಸಣ್ಣ ಕೊಳವೆಯಿಂದ ಶುದ್ಧೀಕರಿಸಿದ ನೀರು ಬ್ರಷ್ಷಿಗೆ ಹರಿಯುತ್ತದೆ. ತೊಳೆದ ಗಾಜನ್ನು ಒರೆಸುವುದಿಲ್ಲ. ತಾನಾಗಿ ಆರಲು ಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಎತ್ತರದ ಸ್ಥಳಗಳಲ್ಲಿ ಮಾಡುವ ಕೆಲಸಗಳ ಬಗ್ಗೆ 2005ರಲ್ಲಿ ನಿಯಮಗಳು ಜಾರಿಗೆ ಬಂದವು. ಏಣಿ ಹತ್ತದೆ ಮಾಡಬಹುದಾದ ಕೆಲಸವನ್ನು ಹತ್ತದೆಯೇ ಮಾಡಬೇಕೆಂಬುದು ಅವುಗಳ ತಿರುಳು. ಆ ಬಳಿಕ ಅಲ್ಲಿ ಈ ವಿಧಾನಕ್ಕೆ ಹೆಚ್ಚಿನ ಉತ್ತೇಜನ ದೊರೆಯಿತು. ನಮ್ಮಲ್ಲಿಯೂ ಮೂರು ನಾಲ್ಕು ಅಂತಸ್ತುಗಳವರೆಗೆ ಇದು ಅನುಕೂಲವೇ. ಅದಕ್ಕೂ ಮೇಲಿನದು ಹಗ್ಗ ಮತ್ತು ತೂಗುತೊಟ್ಟಿಲಿನವರ ಕೆಲಸ.

ಒರೆಸದೆ ಬಿಡುವ ಗಾಜಿನ ಮೇಲೆ ಕಲೆ ಉಳಿಯಬಾರದೆಂದರೆ ನೀರಿನಲ್ಲಿ ಕರಗಿದ ಲವಣ ಇರಕೂಡದು. ಟಿ.ಡಿ.ಎಸ್. ಎಂದು ಎಲ್ಲರೂ ಕರೆಯುವ ಈ ಪ್ರಮಾಣವು ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದೂ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಸಹಿಸಬಹುದೆಂದೂ ಭಾರತೀಯ ಮಾನಕ 10500 ಹೇಳುತ್ತದೆ. ಗಾಜಿಗೆ ಬೇಕಾದುದು ಸುಮಾರು 10ಕ್ಕಿಂತ ಕಡಿಮೆ. ಹೀಗಾಗಿ ಕುಡಿಯಲು ಯೋಗ್ಯವಾದ ಕೊಳವೆಬಾವಿಯ ನೀರಿನಿಂದ ಗಾಜು ತೊಳೆದರೆ ಬಿಸಿಲಿಗೆ ಆರಿದ ಕೂಡಲೇ ಬಿಳಿ ಚುಕ್ಕೆಗಳು ಮೂಡುತ್ತವೆ, ಗ್ರಾಹಕರು ಬಿಲ್ ತಡೆಹಿಡಿಯುತ್ತಾರೆ.

ರೆಸಿನ್ ತುಂಬಿದ ಸಣ್ಣ ಶೋಧಕವನ್ನು ಗ್ರಾಹಕರ ನಲ್ಲಿಗೇ ಜೋಡಿಸಿ ಕೆಲಸ ಮಾಡಬಹುದಲ್ಲವೇ ಎನ್ನುವವರಿದ್ದಾರೆ. ಮಾಡಬಹುದು, ಆದರೆ ಖರ್ಚು ನೋಡಬೇಕು. ರೆಸಿನ್ ಹೀರಿಕೊಳ್ಳುವ ಲವಣಕ್ಕೆ ಮಿತಿಯಿದೆ. 500 ಟಿ.ಡಿ.ಎಸ್. ನೀರನ್ನು ನೇರವಾಗಿ ಹಾಯಿಸಿದರೆ ಒಂದು ಲೀಟರ್ ರೆಸಿನ್ ಸುಮಾರು 50 ಲೀಟರ್ ನೀರಿಗೆ ಮುಗಿದುಹೋಗುತ್ತದೆ. ಅದೇ ನೀರನ್ನು ಮೊದಲು ಆರ್.ಓ. ಘಟಕದಲ್ಲಿ ಹಾಯಿಸಿ 20ಕ್ಕೆ ಇಳಿಸಿದರೆ ರೆಸಿನ್ 25 ಪಟ್ಟು ಹೆಚ್ಚು ಬಾಳಿಕೆ ಬರುತ್ತದೆ. ಆರ್.ಓ. ಘಟಕವು ನಿಧಾನಗತಿಯದು, ಅದನ್ನು ತಮ್ಮ ಗೋದಾಮಿನಲ್ಲಿಟ್ಟು ರಾತ್ರಿಯಿಡೀ ನಡೆಸಿ ಬೆಳಿಗ್ಗೆ ವಾಹನಕ್ಕೆ ತುಂಬಿಕೊಳ್ಳುವುದೇ ಮಿತವ್ಯಯದ ಮಾರ್ಗ. ಘಟಕದಿಂದ ಹೊರಬೀಳುವ ಉಪ್ಪುನೀರನ್ನು ಚರಂಡಿಗೆ ಬಿಡದೆ ಶೌಚಾಲಯಕ್ಕೂ ನೆಲ ತೊಳೆಯಲಿಕ್ಕೂ ಬಳಸತಕ್ಕದ್ದು. 2024ರ ಮಾರ್ಚ್ ತಿಂಗಳ ಬರಗಾಲದಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ ರೂ. 5,000 ದಂಡ ವಿಧಿಸಿದ್ದನ್ನು ಸದಸ್ಯರು ಮರೆತಿರಲಾರರು. ನೀರನ್ನೇ ಕಚ್ಚಾವಸ್ತುವಾಗಿ ನಂಬಿದ ಉದ್ಯಮವು ತನ್ನ ನೀರಿನ ಮೂಲ ಯಾವುದೆಂದು ಕಾಗದದಲ್ಲಿ ತೋರಿಸುವಂತಿರಬೇಕು.

ತೂಕದ ಲೆಕ್ಕ

ಒಂದು ಕೋಲಿನಿಂದ ನಿಮಿಷಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಹರಿಯುತ್ತದೆಂದು ಇಟ್ಟುಕೊಳ್ಳೋಣ. ಕೊಳವೆ ಸರಿಸುವುದು, ಸ್ಥಳ ಬದಲಿಸುವುದು ಕಳೆದರೆ ಗಂಟೆಗೆ ಸುಮಾರು 40 ನಿಮಿಷ ನೀರು ಹರಿಯುತ್ತದೆ. ಅಂದರೆ 60ರಿಂದ 80 ಲೀಟರ್. ದಿನಕ್ಕೆ ಐದು ಗಂಟೆಗಳ ನಿವ್ವಳ ಕೆಲಸವೆಂದರೆ ಕೋಲೊಂದಕ್ಕೆ 300ರಿಂದ 400 ಲೀಟರ್. ಇಬ್ಬರು ಎರಡು ಕೋಲು ಹಿಡಿದರೆ 600ರಿಂದ 800 ಲೀಟರ್ ಬೇಕಾಗುತ್ತದೆ.

ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ನೀರಿನ ಒಂದು ಲೀಟರ್ ಒಂದು ಕಿಲೋಗ್ರಾಂ ಎಂಬುದನ್ನು ಶಾಲೆಯಲ್ಲಿ ಕಲಿತಿದ್ದರೂ ವಾಹನ ಕೊಳ್ಳುವಾಗ ಯಾರೂ ನೆನೆಯುವುದಿಲ್ಲ. ಮಾರಾಟಗಾರನು 'ಮುಕ್ಕಾಲು ಟನ್ ಗಾಡಿ' ಎಂದ ಕೂಡಲೇ 750 ಲೀಟರಿನ ಟ್ಯಾಂಕು ಕೂರಿಸಬಹುದೆಂದು ಭಾವಿಸುತ್ತಾರೆ. ನೋಂದಣಿ ಪ್ರಮಾಣಪತ್ರದಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದಾಗ ಉಳಿಯುವ ಆ 750 ಕಿಲೋ ಕೇವಲ ನೀರಿಗೆ ಮೀಸಲಲ್ಲ. ಚಾಲಕನೂ ಸಹಾಯಕನೂ ಸೇರಿ 150 ಕಿಲೋ. ಟ್ಯಾಂಕಿನ ಸ್ವಂತ ತೂಕ 30. ಅದನ್ನು ಹಿಡಿದಿಡುವ ಉಕ್ಕಿನ ಚೌಕಟ್ಟು 50. ಪಂಪು, ಬ್ಯಾಟರಿ, ಕೊಳವೆಯ ಸುರುಳಿ, ಕೋಲುಗಳು, ಒಂದು ಮಡಚುವ ಏಣಿ ಇವೆಲ್ಲ 80. ಒಟ್ಟು 310 ಕಿಲೋ ಕಳೆದ ಮೇಲೆ ನೀರಿಗೆ ಉಳಿಯುವುದು 440 ಕಿಲೋ ಮಾತ್ರ. ಹೀಗಿರುವಾಗ ಆ ವಾಹನಕ್ಕೆ 400 ಲೀಟರಿನ ಟ್ಯಾಂಕು ಸರಿ. 500ರದ್ದು ತಂದು 'ಮುಕ್ಕಾಲು ತುಂಬಿದರಾಯಿತು' ಎನ್ನುವುದು ಬೇಡ. ಅವಸರದ ಬೆಳಿಗ್ಗೆ ಯಾವ ಹುಡುಗನೂ ಮುಕ್ಕಾಲಿಗೆ ನಿಲ್ಲಿಸುವುದಿಲ್ಲ. ಅಲ್ಲದೆ ಅರೆತುಂಬಿದ ಟ್ಯಾಂಕಿನ ಅಪಾಯ ಬೇರೆಯೇ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಈ ಅಂಕಿಗಳು ಉದಾಹರಣೆಗಾಗಿ. ತಮ್ಮ ವಾಹನದ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡು ಇದೇ ಕ್ರಮದಲ್ಲಿ ಕಳೆಯುತ್ತ ಹೋಗಬೇಕು. ಕೊನೆಗೆ ಟ್ಯಾಂಕು ತುಂಬಿಸಿ, ಆಳುಗಳನ್ನೂ ಕೂರಿಸಿಕೊಂಡು, ಹತ್ತಿರದ ವೇ ಬ್ರಿಡ್ಜಿನಲ್ಲಿ ಒಮ್ಮೆ ತೂಗಿಸಿ ಚೀಟಿ ಪಡೆಯತಕ್ಕದ್ದು. ಮುಂದಿನ ಚಕ್ರಗಳನ್ನೂ ಹಿಂದಿನ ಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗಿಸಿದರೆ ಇನ್ನೂ ಉತ್ತಮ. ಟ್ಯಾಂಕನ್ನು ತೀರಾ ಹಿಂಬದಿಗೆ, ಬಾಗಿಲಿನ ಹತ್ತಿರ ಕೂರಿಸಿದ ವಾಹನದಲ್ಲಿ ಮುಂದಿನ ಚಕ್ರಗಳ ಭಾರ ಇಳಿದು ಸ್ಟೇರಿಂಗ್ ಹಗುರವಾಗುತ್ತದೆ. ಭಾರವು ಹಿಂದಿನ ಅಚ್ಚಿಗಿಂತ ತುಸು ಮುಂದೆ ಬೀಳುವಂತೆ ಕೂರಿಸುವುದು ಕ್ರಮ.

ನನ್ನ ಕಕ್ಷಿದಾರರೊಬ್ಬರ ಪ್ರಸಂಗವನ್ನು ಹೆಸರಿಲ್ಲದೆ ಇಲ್ಲಿ ಹೇಳಬಹುದು. ಅವರು ಮುಕ್ಕಾಲು ಟನ್ ವಾಹನದ ಮೇಲೆ ಮನೆಗೆ ಬಳಸುವ 1000 ಲೀಟರಿನ ನಿಲುವು ಟ್ಯಾಂಕನ್ನು ನೈಲಾನ್ ಹಗ್ಗದಿಂದ ಬಿಗಿದು ನಾಲ್ಕು ತಿಂಗಳು ಓಡಿಸಿದರು. ಆಳು, ಸಲಕರಣೆ ಸೇರಿ 500 ಕಿಲೋಗೂ ಹೆಚ್ಚಿನ ಅಧಿಕ ಭಾರ. ಮೇಲ್ಸೇತುವೆಯ ಇಳಿಜಾರಿನಲ್ಲಿ ಮುಂದಿನ ಬಸ್ಸು ಹಠಾತ್ತನೆ ನಿಂತಾಗ ಚಾಲಕನೂ ಬ್ರೇಕ್ ಹಾಕಿದ. ವಾಹನ ನಿಂತಿತು, ಟ್ಯಾಂಕು ನಿಲ್ಲಲಿಲ್ಲ. ಹಗ್ಗ ಹರಿದು ಮುಂದಕ್ಕೆ ಜಾರಿದ ಟ್ಯಾಂಕು ಕ್ಯಾಬಿನ್ನಿನ ಹಿಂಬದಿಯ ತಗಡನ್ನು ಒಳಕ್ಕೆ ತಳ್ಳಿತು. ಸಹಾಯಕ ಹುಡುಗನ ಭುಜದ ಮೂಳೆ ಮುರಿಯಿತು. ವಿಮಾ ಸಮೀಕ್ಷಕರು ಬರೆದ ಎರಡು ಸಾಲುಗಳಲ್ಲಿ ಅಧಿಕ ಭಾರವೂ ಘೋಷಿಸದ ಅಳವಡಿಕೆಯೂ ಇದ್ದವು. ಕೇಳಿದ ಪರಿಹಾರದ ಸಣ್ಣ ಭಾಗವಷ್ಟೇ ಕೈಸೇರಿತು. ವಾಹನವು ಗ್ಯಾರೇಜಿನಲ್ಲಿದ್ದ ಒಂದೂವರೆ ತಿಂಗಳಲ್ಲಿ ಆಸ್ಪತ್ರೆಯೊಂದರ ಗುತ್ತಿಗೆಯೂ ಕೈತಪ್ಪಿತು. ಹುಡುಗನು ಕೋಲು ಎತ್ತುವ ಸ್ಥಿತಿಗೆ ಬರಲು ಆರು ತಿಂಗಳು ಹಿಡಿದವು. ಚೌಕಟ್ಟಿಗೆಂದು ಆ ದಿನ ಉಳಿಸಿದ್ದ ಹಣ ರೂ. 18,000.

ಅಲುಗುವ ನೀರು

ಸಿಮೆಂಟ್ ಮೂಟೆಗೂ ನೀರಿಗೂ ಇರುವ ವ್ಯತ್ಯಾಸವನ್ನು ಬಿಂದಿಗೆ ಹೊತ್ತವರು ಬಲ್ಲರು. ಪೂರ್ತಿ ತುಂಬಿದ ಟ್ಯಾಂಕಿನಲ್ಲಿ ನೀರು ಅಲುಗುವುದಿಲ್ಲ, ಖಾಲಿಯಲ್ಲಿ ಅಲುಗಲು ನೀರಿಲ್ಲ. ಅರ್ಧ ತುಂಬಿದ್ದೇ ಹೆಚ್ಚು ತೊಂದರೆಯದು. ಬ್ರೇಕ್ ಹಾಕಿದಾಗ ಎಲ್ಲ ನೀರೂ ಒಂದೇ ಅಲೆಯಾಗಿ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಬದಿಗೆ ವಾಲುತ್ತದೆ. ನಮ್ಮ ಕೆಲಸದಲ್ಲಿ ವಾಹನವು ದಿನದ ಬಹುಪಾಲು ಅರೆತುಂಬಿದ ಟ್ಯಾಂಕಿನೊಂದಿಗೇ ಓಡಾಡುತ್ತದೆ. ಆದ್ದರಿಂದ ಒಳಗೆ ಅಡ್ಡ ತಡೆಗಳಿರುವ ಟ್ಯಾಂಕನ್ನೇ ಕೇಳಿ ಪಡೆಯಬೇಕು. ತಡೆಗಳಲ್ಲಿ ರಂಧ್ರಗಳಿರುತ್ತವೆ, ನೀರು ನಿಧಾನವಾಗಿ ಹಾಯುತ್ತದೆ, ಅಲೆ ಏಳುವುದಿಲ್ಲ. ಅಂತಹುದು ಸಿಗದಿದ್ದರೆ 400 ಲೀಟರಿನ ಒಂದರ ಬದಲು 200ರ ಎರಡು ಟ್ಯಾಂಕುಗಳನ್ನು ಇರಿಸಿ, ಒಂದನ್ನು ಮುಗಿಸಿ ಮತ್ತೊಂದಕ್ಕೆ ಹೋಗಬಹುದು. ಆಗ ಯಾವ ಹೊತ್ತಿನಲ್ಲಿಯೂ ಒಂದು ಟ್ಯಾಂಕಷ್ಟೇ ಅರೆಯಾಗಿರುತ್ತದೆ. ಎರಡರ ನಡುವೆ ಕವಾಟವಿರುವುದು ಅಗತ್ಯ.

ಎತ್ತರದ ನಿಲುವು ಟ್ಯಾಂಕಿಗಿಂತ ಅಗಲವಾದ ತಗ್ಗು ಟ್ಯಾಂಕು ಲೇಸು. ಮನೆಗಳಿಗೆ ಮಾರುವ ಪಾಲಿಎಥಿಲೀನ್ ಟ್ಯಾಂಕುಗಳಿಗೆ ಅನ್ವಯಿಸುವ ಐ.ಎಸ್. 12701 ಮಾನಕವು ಒಂದೆಡೆ ನಿಂತಿರುವ ಶೇಖರಣೆಗಾಗಿ ರೂಪಿಸಿದ್ದು. ಆ ಗುರುತನ್ನು ತೋರಿಸಿ ಅಂಗಡಿಯವನು 'ಐ.ಎಸ್.ಐ. ಮಾಲು' ಎಂದರೆ ಅದು ಸುಳ್ಳಲ್ಲ, ಆದರೆ ಓಡುವ ವಾಹನಕ್ಕೆ ಸಿಕ್ಕ ಭರವಸೆಯೂ ಅಲ್ಲ.

ಇನ್ನು ಕಟ್ಟುವ ವಿಷಯ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನವು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ ಅದರೊಳಗಿನ ವಸ್ತುವು ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. 400 ಕಿಲೋ ನೀರು ಆ ಕ್ಷಣದಲ್ಲಿ 8 ಟನ್ನಿನಂತೆ ವರ್ತಿಸುತ್ತದೆ. ಹಗ್ಗವಾಗಲಿ, ಲಾರಿಗಳಿಗೆ ಬಿಗಿಯುವ ಪಟ್ಟಿಯಾಗಲಿ ಇದಕ್ಕೆ ಸಾಲದು. ಟ್ಯಾಂಕನ್ನು ಎಲ್ಲ ಬದಿಗಳಿಂದಲೂ ಮೇಲಿನಿಂದಲೂ ಅಪ್ಪಿಹಿಡಿಯುವ ಉಕ್ಕಿನ ಪಂಜರ ಬೇಕು. ಪಂಜರದ ಬೋಲ್ಟುಗಳು ನೆಲದ ತೆಳು ತಗಡಿಗಷ್ಟೇ ಅಲ್ಲದೆ ಕೆಳಗಿನ ಷಾಸಿಗೆ ಹಿಡಿದಿರಬೇಕು, ಬೋಲ್ಟಿನ ಕೆಳಗೆ ದಪ್ಪ ತಟ್ಟೆ ಇರಬೇಕು. ಷಾಸಿಯಲ್ಲಿ ಹೊಸ ರಂಧ್ರ ಕೊರೆಯುವ ಮುನ್ನ ವಾಹನ ತಯಾರಕರ ಅಧಿಕೃತ ಕೇಂದ್ರದಲ್ಲಿ ವಿಚಾರಿಸಿ ಅವರು ತೋರಿಸಿದ ಜಾಗಗಳನ್ನೇ ಬಳಸತಕ್ಕದ್ದು. ಪಂಜರವನ್ನು ಬೆಸುಗೆಯಿಂದಲ್ಲದೆ ಬೋಲ್ಟಿನಿಂದ ಜೋಡಿಸಿದರೆ ವಾಹನ ಮಾರುವಾಗ ಬಿಚ್ಚಿಕೊಳ್ಳಲು ಸುಲಭ.

ಟ್ಯಾಂಕು ಯಾವುದರದ್ದು?

ಶುದ್ಧೀಕರಿಸಿದ ನೀರು ಲವಣಕ್ಕಾಗಿ ಹಸಿದಿರುತ್ತದೆ. ತಾಗಿದ ಲೋಹದಿಂದ ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಕಬ್ಬಿಣ, ಸತು ಲೇಪಿತ ತಗಡು, ಹಿತ್ತಾಳೆಯ ನಲ್ಲಿ ಇವು ಸಲ್ಲವು. ಇವುಗಳಿಂದ ಟ್ಯಾಂಕೂ ಕೆಡುತ್ತದೆ, ರೆಸಿನಿಗೆ ಖರ್ಚು ಮಾಡಿ ತೆಗೆದ ಲವಣವೂ ಮರಳಿ ಸೇರುತ್ತದೆ. ಪಾಲಿಎಥಿಲೀನ್ ಅಗ್ಗ, ಹಗುರ, ತುಕ್ಕಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದೇ, ಆದರೆ ಬೆಲೆಯೂ ತೂಕವೂ ಹೆಚ್ಚು. ಬಣ್ಣ ಕಪ್ಪಾಗಿರಲಿ ಅಥವಾ ಬೆಳಕು ತೂರದಂತಿರಲಿ. ನೀರಿನ ಮಟ್ಟ ಕಾಣುತ್ತದೆಂದು ಅರೆಪಾರದರ್ಶಕ ಟ್ಯಾಂಕು ಕೊಂಡರೆ ಪಾಚಿ ಕಟ್ಟಿ ಪಂಪಿನ ಜಾಲರಿ ಮುಚ್ಚುತ್ತದೆ. ಕೈ ಇಳಿಸಿ ಉಜ್ಜುವಷ್ಟು ಅಗಲದ ಬಾಯಿ, ಬಿಗಿಯಾಗಿ ಕೂರುವ ಮುಚ್ಚಳ, ಗಾಳಿಯಾಡುವ ಸಣ್ಣ ಕಿಂಡಿ, ತಳದಲ್ಲಿ ಪೂರ್ತಿ ಬಸಿಯುವ ನಲ್ಲಿ ಇಷ್ಟನ್ನು ಖರೀದಿಗೆ ಮುನ್ನ ಕಣ್ಣಾರೆ ನೋಡಬೇಕು. ಗಾಳಿಯ ಕಿಂಡಿ ಇಲ್ಲದ ಟ್ಯಾಂಕಿನಿಂದ ಪಂಪು ನೀರೆಳೆದಾಗ ಗೋಡೆಗಳು ಒಳಕ್ಕೆ ಕುಗ್ಗುತ್ತವೆ. 'ಕುಡಿಯುವ ನೀರಲ್ಲ' ಎಂಬ ಫಲಕವನ್ನೂ ಅಂಟಿಸಿ. ಬಿಸಿಲಿನಲ್ಲಿ ದುಡಿಯುವ ಹುಡುಗರು ಹತ್ತಿರ ಸಿಕ್ಕ ನಲ್ಲಿಗೇ ಬಾಯೊಡ್ಡುತ್ತಾರೆ.

ದೊಡ್ಡ ಗಾಡಿಯೋ, ಎರಡು ಸಲ ತುಂಬುವುದೋ?

400 ಲೀಟರ್ ಸಾಲದು, ದಿನಕ್ಕೆ 700 ಬೇಕು ಎನ್ನುವವರ ಮುಂದೆ ಎರಡು ದಾರಿಗಳಿವೆ. ದೊಡ್ಡ ವಾಹನಕ್ಕೆ ರೂ. 2,50,000 ಹೆಚ್ಚು ತೆರಬೇಕೆಂದುಕೊಳ್ಳೋಣ. ಅದರ ಮೇಲೆ ಬಡ್ಡಿ ಶೇಕಡಾ 10, ಸವಕಳಿ ಶೇಕಡಾ 15 ಎಂದರೆ ಮೊದಲ ವರ್ಷ ರೂ. 62,500. ಹೆಚ್ಚುವರಿ ಇಂಧನ, ವಿಮೆ, ಟೈರುಗಳಿಗೆ ರೂ. 25,000. ಒಟ್ಟು ರೂ. 87,500ನ್ನು ವರ್ಷದ 280 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ರೂ. 312.

ಮಧ್ಯಾಹ್ನ ಗೋದಾಮಿಗೆ ಮರಳಿ ತುಂಬಿಕೊಳ್ಳುವ ದಾರಿಯಲ್ಲಿ, ಹೋಗಿಬರಲು 16 ಕಿಲೋಮೀಟರ್, ಒಂದೂವರೆ ಗಂಟೆ ಎಂದಾದರೆ ಗಂಟೆಗೆ ರೂ. 100ರಂತೆ ಇಬ್ಬರ ಕೂಲಿ ರೂ. 300, ಕಿಲೋಮೀಟರಿಗೆ ರೂ. 7ರಂತೆ ಇಂಧನ ರೂ. 112, ಒಟ್ಟು ರೂ. 412. ಇಲ್ಲಿ ದೊಡ್ಡ ಗಾಡಿಯೇ ಲಾಭ. ಗೋದಾಮು ಹತ್ತಿರವಿದ್ದು 6 ಕಿಲೋಮೀಟರ್, 40 ನಿಮಿಷಗಳಲ್ಲಿ ಕೆಲಸವಾದರೆ ಖರ್ಚು ರೂ. 175 ಮಾತ್ರ, ಊಟದ ಹೊತ್ತಿಗೆ ಹೊಂದಿಸಿಕೊಂಡರೆ ಇನ್ನೂ ಕಡಿಮೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ಸರಿಹೋದ ಟ್ಯಾಂಕು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸರಿಹೋಗುತ್ತದೆಂದು ತಿಳಿಯಬಾರದು. ಎರಡೂ ಸಂದರ್ಭಗಳಲ್ಲಿ ಗೋದಾಮಿನ ನೆಲದ ಮೇಲೆ 1000 ಲೀಟರಿನ ಟ್ಯಾಂಕೊಂದು ಬೇಕೇ ಬೇಕು. ಅಲ್ಲಿಗೆ ಮನೆಬಳಕೆಯ ಅಗ್ಗದ ಟ್ಯಾಂಕು ಧಾರಾಳವಾಗಿ ಸಾಕು. ಅದು ಎಲ್ಲಿಗೂ ಓಡಬೇಕಾಗಿಲ್ಲ.

ಕಾನೂನು ಮತ್ತು ವಿಮೆ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 113ರಂತೆ ನೋಂದಾಯಿತ ಒಟ್ಟು ತೂಕವನ್ನು ಮೀರಿ ವಾಹನ ಓಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಕಲಂ 194ರಲ್ಲಿ ಇದಕ್ಕೆ ರೂ. 20,000 ದಂಡವನ್ನೂ, ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000ವನ್ನೂ ನಮೂದಿಸಲಾಗಿದೆ, ಅಧಿಕ ಭಾರವನ್ನು ಇಳಿಸುವ ವೆಚ್ಚವೂ ನಮ್ಮದೇ. ನೀರನ್ನು ರಸ್ತೆಗೆ ಚೆಲ್ಲಿದರಾಯಿತು ಎಂದು ನಗುವವರು ಆ ದಿನದ ಕೆಲಸವೂ ಅದರೊಂದಿಗೆ ಚೆಲ್ಲಿಹೋಗುವುದನ್ನು ಎಣಿಸಬೇಕು. ಪ್ರಮಾಣಪತ್ರದ ವಿವರಗಳು ಬದಲಾಗುವಂತಹ ಮಾರ್ಪಾಡಿಗೆ ಕಲಂ 52 ಅನ್ವಯಿಸುತ್ತದೆ. ಬಿಚ್ಚಬಹುದಾದ ಪಂಜರವು ಇದರಡಿ ಬರುವುದೋ ಎಂಬುದು ಅಳವಡಿಕೆಯ ಸ್ವರೂಪವನ್ನು ಅವಲಂಬಿಸಿದೆ. ಸಾರಿಗೆ ಕಚೇರಿಗೆ ನಕ್ಷೆಯೊಡನೆ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಉತ್ತರ ಪಡೆಯುವುದು ಕ್ಷೇಮ.

ಚಾಲಕನ ಪರವಾನಗಿಯ ಬಗ್ಗೆ ಇದ್ದ ಗೊಂದಲವು ಬಹುಮಟ್ಟಿಗೆ ಬಗೆಹರಿದಿದೆ. ಲಘು ವಾಹನದ ಪರವಾನಗಿ ಇರುವವರು 7,500 ಕಿಲೋವರೆಗಿನ ಒಟ್ಟು ತೂಕದ ಸಾರಿಗೆ ವಾಹನವನ್ನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ.

ವಿಮಾ ಪಾಲಿಸಿಯಲ್ಲಿ ನಮೂದಾಗುವ ಮೌಲ್ಯವು ಕಾರ್ಖಾನೆಯಿಂದ ಬಂದ ವಾಹನದ್ದು. ಟ್ಯಾಂಕು, ಪಂಜರ, ಪಂಪುಗಳನ್ನು ಬೇರೆಯಾಗಿ ಘೋಷಿಸಿ ಪ್ರೀಮಿಯಂ ಕಟ್ಟದಿದ್ದರೆ ಅವುಗಳಿಗೆ ರಕ್ಷಣೆ ಇಲ್ಲ. ಸಹಾಯಕನ ಹೆಸರಿನ ಅಪಘಾತ ವಿಮೆಯೂ ನೌಕರರ ಪರಿಹಾರದ ಪಾಲಿಸಿಯೂ ಜಾರಿಯಲ್ಲಿವೆಯೇ ಎಂದು ಇದೇ ಸಂದರ್ಭದಲ್ಲಿ ಪರಿಶೀಲಿಸಿ.

ಲೆಕ್ಕಪುಸ್ತಕಗಳಲ್ಲಿ

ಟ್ಯಾಂಕು, ಪಂಜರ, ಪಂಪುಗಳಿಗೆ ಪ್ರತ್ಯೇಕ ಬಿಲ್ ಪಡೆದು ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ವಾಹನದಿಂದ ಬೇರೆಯಾಗಿ ನಮೂದಿಸಬೇಕು. ವಾಹನವನ್ನು ಎಂಟು ವರ್ಷಕ್ಕೆ ಮಾರಿದರೂ ಒಳ್ಳೆಯ ಟ್ಯಾಂಕು ಮುಂದಿನ ವಾಹನಕ್ಕೆ ಹೋಗಬಹುದು. ಒಂದೇ ಮೊತ್ತದಲ್ಲಿ ಬೆರೆಸಿದ್ದರೆ ಆಗ ಬಿಡಿಸುವುದು ಕಷ್ಟ. ಆದಾಯ ತೆರಿಗೆಯಲ್ಲಿ ಇವುಗಳ ಸಾಮಾನ್ಯ ಸವಕಳಿ ದರ ಶೇಕಡಾ 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಬ್ಬರಿಗೆ ಒಂದೇ ದಿನದಲ್ಲಿ ರೂ. 10,000ಕ್ಕೂ ಹೆಚ್ಚು ನಗದು ಕೊಟ್ಟು ಆಸ್ತಿ ಕೊಂಡರೆ ಆ ಮೊತ್ತವು ಸವಕಳಿಯ ಲೆಕ್ಕಕ್ಕೆ ಬರುವುದಿಲ್ಲ. ಪಂಜರ ಮಾಡಿಕೊಡುವ ಫ್ಯಾಬ್ರಿಕೇಷನ್ ಶೆಡ್ಡಿನವರು ನಗದನ್ನೇ ಕೇಳುವುದು ವಾಡಿಕೆ, ಆದ್ದರಿಂದ ಈ ಎಚ್ಚರಿಕೆ.

ಶುಚಿಗೊಳಿಸುವ ಸೇವೆಗೆ ಜಿ.ಎಸ್.ಟಿ. ಶೇಕಡಾ 18. ನೋಂದಾಯಿತರು ಸರಕು ವಾಹನದ ಮೇಲೂ ಟ್ಯಾಂಕಿನ ಮೇಲೂ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಜಮೆ ಪಡೆದ ತೆರಿಗೆಯ ಮೊತ್ತವನ್ನೇ ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಆಸನಗಳಿರುವ ಪ್ರಯಾಣಿಕ ವಾಹನವನ್ನು ಕೊಂಡು ಹಿಂದಿನ ಸೀಟು ಕಿತ್ತು ಟ್ಯಾಂಕು ಕೂರಿಸುವವರಿಗೆ ವಾಹನದ ಮೇಲಿನ ಜಮೆ ವಿವಾದಕ್ಕೆ ಸಿಲುಕುತ್ತದೆ, ಕಲಂ 52ರ ತೊಡಕೂ ಜೊತೆಗೆ ಬರುತ್ತದೆ. ಆರಂಭದಲ್ಲಿಯೇ ಸರಕು ವಾಹನವೆಂದು ನೋಂದಣಿಯಾದುದನ್ನು ಕೊಳ್ಳುವುದು ಸೂಕ್ತ.

ಪಂಜರದ ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿಮಾಡಿಸಿ, ದಿನಾಂಕವನ್ನು ವಾಹನದ ಲಾಗ್ ಪುಸ್ತಕದಲ್ಲಿ ಬರೆದು ಚಾಲಕನ ಸಹಿ ಪಡೆಯಿರಿ. ವೇ ಬ್ರಿಡ್ಜಿನ ಚೀಟಿ, ಪಂಜರದ ಬಿಲ್, ಸಾರಿಗೆ ಕಚೇರಿಯ ಉತ್ತರ, ವಿಮಾ ಘೋಷಣೆ ಈ ನಾಲ್ಕರ ಜೆರಾಕ್ಸ್ ಪ್ರತಿಗಳು ವಾಹನದಲ್ಲಿರಲಿ, ಮೂಲಪ್ರತಿಗಳು ಕಚೇರಿಯ ಕಡತದಲ್ಲಿರಲಿ. ವೇ ಬ್ರಿಡ್ಜಿನ ಚೀಟಿಯ ಶಾಯಿ ಕೆಲವು ತಿಂಗಳಲ್ಲಿ ಮಾಸಿಹೋಗುವುದರಿಂದ ಪಡೆದ ದಿನವೇ ಅದರ ಪ್ರತಿ ತೆಗೆಸುವುದು ಒಳ್ಳೆಯದು.